ಮೊದಲ ಕೆಲಸಕ್ಕೆ ಸೇರುವ ಮುನ್ನ ನಿಮ್ಮ ಹೆಸರು ನೋಡಿಕೊಳ್ಳಿ

ಈ ವರ್ಷ ಪದವಿ ಮುಗಿಸಿ ಕೆಲಸಕ್ಕೆ ಸೇರುತ್ತಿರುವವರು ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೂರನ್ನೂ ಮುಂದಿಟ್ಟುಕೊಂಡು ಹೆಸರು ಹೋಲಿಸಿ ನೋಡಿ. ನಮ್ಮಲ್ಲಿ ಇನಿಷಿಯಲ್‌ನದೇ ದೊಡ್ಡ ತಲೆನೋವು: ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.’, ಆಧಾರ್‌ನಲ್ಲಿ ‘ಕೆ. ಮಂಜುನಾಥ್’, ಪ್ಯಾನ್‌ನಲ್ಲಿ ಅಪ್ಪನ ಹೆಸರೂ ಸೇರಿ ಮಾರುದ್ದ! ಇದು ಹೀಗೇ ಉಳಿದರೆ ಮುಂದೆ ಪಿಎಫ್ (ಭವಿಷ್ಯ ನಿಧಿ) ಹಣ ಕೇಳುವಾಗ ಅರ್ಜಿ ತಿರಸ್ಕೃತವಾಗಬಹುದು. ಜನ್ಮದಿನಾಂಕವನ್ನೂ ನೋಡಿ.

ಪಿಎಫ್‌ಗೆ ಸಾಮಾನ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12ರಷ್ಟು ಕಡಿತವಾಗುತ್ತದೆ. ಕಂಪನಿಯೂ ಅಷ್ಟೇ ಕೊಡುತ್ತದೆ, ಅದರಲ್ಲೊಂದು ಪಾಲು ಪಿಂಚಣಿಗೆ. ಕೈಗೆ ಬರುವ ಸಂಬಳ ಕಡಿಮೆಯಾಯಿತೆಂದು ಗೊಣಗಬೇಡಿ, ಅದು ನಿಮ್ಮದೇ ಹಣ.

ಪಿಎಫ್ ಸದಸ್ಯರ ಗುರುತಿನ ಸಂಖ್ಯೆಯಾದ 12 ಅಂಕಿಯ ಯುಎಎನ್ ಒಬ್ಬರಿಗೆ ಒಂದೇ. ಕೆಲಸ ಬದಲಿಸಿದರೆ ಹೊಸ ಕಚೇರಿಗೂ ಅದನ್ನೇ ಕೊಟ್ಟು ಹಣ ವರ್ಗಾಯಿಸಿಕೊಳ್ಳಿ. ಬೈಕ್ ಕೊಳ್ಳಲು ಅದನ್ನು ಬಿಡಿಸಿಕೊಳ್ಳುವ ಆಸೆ ಬಂದೇ ಬರುತ್ತದೆ. ಆದರೆ ಐದು ವರ್ಷಗಳ ಸತತ ಸೇವೆಗೆ ಮುನ್ನ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ವರ್ಗಾಯಿಸಿಕೊಂಡರೆ ಹಳೆಯ ಕಂಪನಿಯ ಸೇವೆಯೂ ಲೆಕ್ಕಕ್ಕೆ ಸೇರುತ್ತದೆ.

ಇನ್ನೊಂದು ಮಾತು: ಸಂಬಳದ ಚೀಟಿಯಲ್ಲಿ ಕಡಿತವಾದ ಮೊತ್ತ ಪಿಎಫ್ ಪಾಸ್‌ಬುಕ್‌ಗೆ ಬಂದಿದೆಯೇ ಎಂದು ಆಗಾಗ ತಾಳೆ ನೋಡಿ. ಕಂಪನಿ ಅದನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಬಂದಿಲ್ಲವಾದರೆ ಎಚ್‌ಆರ್ ವಿಭಾಗಕ್ಕೆ ಇಮೇಲ್‌ನಲ್ಲೇ ಕೇಳಿ, ಬಾಯಿಮಾತಿನಲ್ಲಿ ಬೇಡ.