ಎಂಟಿಂಚಿನ ಫ್ಲಾಪಿಯಿಂದ ಓಡುವ ಪ್ರೋಗ್ರಾಂವರೆಗೆ: ಪಿಡಿಪಿ-11ರ ಜೊತೆ ನನ್ನ ಅನುಭವ

ಹಳೆಯ ಮಿನಿಕಂಪ್ಯೂಟರ್ ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಯಂತ್ರದ ಕಡೆಗೆ: ಸ್ವಿಚ್ಚುಗಳ ಸಾಲು, ದೀಪಗಳು, ಆಳೆತ್ತರದ ಕಪಾಟು. ಆದರೆ ಯಂತ್ರ ಹೇಗೋ ಉಳಿದುಕೊಳ್ಳುತ್ತದೆ. ಕೆಟ್ಟ ಕೆಪಾಸಿಟರ್ ಬದಲಿಸಬಹುದು, ಸುಟ್ಟ ಚಿಪ್‌ಗೆ ಇನ್ನೊಂದನ್ನು ಹುಡುಕಬಹುದು. ಫ್ಲಾಪಿಯ ಮೇಲಿನ ಕಂದು ಲೇಪ ಒಮ್ಮೆ ಉದುರಿತೆಂದರೆ ಅದರಲ್ಲಿದ್ದ ಪ್ರೋಗ್ರಾಂ ಮಾತ್ರ ಎಲ್ಲಿಂದಲೂ ಮರಳಿ ಬರುವುದಿಲ್ಲ. ನಾನು ಸಾಫ್ಟ್‌ವೇರ್ ಉಳಿಸುವ ಕೆಲಸಕ್ಕೆ ಇಳಿದದ್ದು ಈ ಕಾರಣಕ್ಕೆ.

ನನ್ನ ಕೆಲಸವೆಲ್ಲ ಪಿಡಿಪಿ-11 ಕುಟುಂಬದ ಸುತ್ತ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1970ರಲ್ಲಿ ಹೊರತಂದ 16 ಬಿಟ್‌ನ ಯಂತ್ರ ಇದು. ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಮತ್ತು ಸಿ ಭಾಷೆ ಬೆಳೆದದ್ದು ಇದರ ಮೇಲೆಯೇ. ಯುನಿಕ್ಸ್‌ನ ಹಳೆಯ ಆವೃತ್ತಿಗಳಿಗೆ ಕಾಳಜಿ ಮಾಡುವವರು ಇದ್ದಾರೆ. 2002ರ ಜನವರಿಯಲ್ಲಿ ಕ್ಯಾಲ್ಡೆರಾ ಸಂಸ್ಥೆ ಏಳನೆಯ ಆವೃತ್ತಿಯವರೆಗಿನ ಯುನಿಕ್ಸನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. 2008ರಲ್ಲಿ ಹವ್ಯಾಸಿಗಳು ಮೊದಲ ಆವೃತ್ತಿಯ ತಿರುಳಾದ ಕರ್ನಲನ್ನು 1972ರ ಒಂದು ಮುದ್ರಿತ ಪ್ರತಿಯಿಂದಲೇ ಮತ್ತೆ ಎಬ್ಬಿಸಿ ಓಡಿಸಿದರು. ಆದರೆ ಪಿಡಿಪಿ-11 ಹೆಚ್ಚಾಗಿ ದುಡಿದದ್ದು ಪ್ರಯೋಗಾಲಯಗಳಲ್ಲಿ, ಕಾರ್ಖಾನೆಗಳಲ್ಲಿ. ಅಲ್ಲಿ ಯಾರೋ ಒಬ್ಬರು ತಮ್ಮ ಉಪಕರಣಕ್ಕೆಂದೇ ಬರೆದ ಪ್ರೋಗ್ರಾಂಗೆ ಎರಡನೆಯ ಪ್ರತಿಯೇ ಇರುವುದಿಲ್ಲ. ನನಗೆ ಸಿಕ್ಕಿದ್ದು ಅಂಥದ್ದೇ ಒಂದು: ಸೆನ್ಸರ್‌ನಿಂದ ಬಂದ ಅಳತೆಗಳನ್ನು ಓದಿ, ಲೆಕ್ಕ ಹಾಕಿ, ಮುದ್ರಿಸುವ ಪ್ರೋಗ್ರಾಂ. ಮುಖ್ಯ ಭಾಗ ಫೋರ್ಟ್ರಾನ್ ಭಾಷೆಯಲ್ಲಿ, ಯಂತ್ರವನ್ನು ಮುಟ್ಟುವ ಭಾಗ ಮ್ಯಾಕ್ರೋ-11 ಎಂಬ ಅಸೆಂಬ್ಲಿ ಭಾಷೆಯಲ್ಲಿ. ಅದು ಇದ್ದದ್ದು ಎಂಟಿಂಚಿನ ಆರ್‌ಎಕ್ಸ್01 ಫ್ಲಾಪಿಗಳಲ್ಲಿ.

ಫ್ಲಾಪಿ ಓದುವಾಗ ಅವಸರ ಸಲ್ಲದು. ಮೊದಲು ಲಕೋಟೆಯ ಕಿಂಡಿಯಿಂದ ತಟ್ಟೆಯನ್ನು ಕೈಯಲ್ಲಿ ತಿರುಗಿಸಿ, ಬೂಸ್ಟು ಇದೆಯೇ, ಗೀರು ಇದೆಯೇ ನೋಡುತ್ತೇನೆ. ಬೂಸ್ಟು ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಮೆಲ್ಲಗೆ ಒರೆಸುತ್ತೇನೆ. ಒಂದೊಂದು ಫ್ಲಾಪಿ ಓದಿದ ಮೇಲೂ ಡ್ರೈವ್‌ನ ಹೆಡ್ ಪರೀಕ್ಷಿಸುವುದು ಕಡ್ಡಾಯ. ಒಂದರಿಂದ ಉದುರಿದ ಲೇಪ ಹೆಡ್‌ಗೆ ಅಂಟಿಕೊಂಡರೆ ಮುಂದಿನದನ್ನು ಕೆರೆದುಹಾಕುತ್ತದೆ. ಇವು ಸಿಂಗಲ್ ಡೆನ್ಸಿಟಿ, ಅಂದರೆ ಎಫ್‌ಎಂ ಎಂಬ ಹಳೆಯ ವಿಧಾನದ ಬರಹ. ಈಚಿನ ಫ್ಲಾಪಿ ಕಂಟ್ರೋಲರ್‌ಗಳಲ್ಲಿ ಬಹಳಷ್ಟಕ್ಕೆ ಇದು ಓದಲು ಬರುವುದಿಲ್ಲ. ಹಾಗಾಗಿ ನಾನು ಸೆಕ್ಟರ್ (ಫ್ಲಾಪಿಯ ವೃತ್ತಾಕಾರದ ಟ್ರ್ಯಾಕಿನ ಒಂದು ತುಂಡು) ಓದುವುದಿಲ್ಲ, ಕಾಂತೀಯ ಬದಲಾವಣೆಗಳ ನಡುವಿನ ಅಂತರವನ್ನೇ ಅಳೆದು ದಾಖಲಿಸುವ ಗ್ರೀಸ್‌ವೀಸಲ್‌ನಂಥ ಸಾಧನ ಬಳಸುತ್ತೇನೆ. ಹೀಗೆ ಸಿಕ್ಕ ಕಚ್ಚಾ ದಾಖಲೆಯೇ ನನಗೆ ಮೂಲ. ನಾಳೆ ಯಾರಾದರೂ ಇದಕ್ಕಿಂತ ಒಳ್ಳೆಯ ಡಿಕೋಡರ್ ಬರೆದರೆ, ನನ್ನಿಂದ ಓದಲಾಗದ ಸೆಕ್ಟರ್ ಅವರಿಗೆ ಓದಲು ಬರಬಹುದು. ಆಗ ಫ್ಲಾಪಿಯನ್ನು ಮತ್ತೆ ಮುಟ್ಟಬೇಕಿಲ್ಲ.

ಡಿಕೋಡ್ ಮಾಡಿದ ಮೇಲೆ ಗಾತ್ರ ನೋಡಬೇಕು. 77 ಟ್ರ್ಯಾಕ್, ಟ್ರ್ಯಾಕಿಗೆ 26 ಸೆಕ್ಟರ್, ಸೆಕ್ಟರಿಗೆ 128 ಬೈಟ್: ಒಟ್ಟು 2,56,256 ಬೈಟ್. ಇಷ್ಟು ಸಿಕ್ಕಿತೆಂದು ನೇರವಾಗಿ ಫೈಲ್ ಹುಡುಕಲು ಹೊರಟರೆ ಬರೀ ತುಂಡುಗಳು ಕಾಣುತ್ತವೆ. ಆರ್‌ಟಿ-11 ಆಪರೇಟಿಂಗ್ ಸಿಸ್ಟಂ ಸೆಕ್ಟರ್‌ಗಳನ್ನು ಒಂದಾದ ಮೇಲೊಂದು ಬಳಸುವುದಿಲ್ಲ. ಒಂದು ಓದಿ ಮುಂದಿನದಕ್ಕೆ ಯಂತ್ರ ಸಿದ್ಧವಾಗುವಷ್ಟರಲ್ಲಿ ಫ್ಲಾಪಿ ತಿರುಗಿಬಿಟ್ಟಿರುತ್ತದಲ್ಲ, ಅದಕ್ಕೆ ಒಂದು ಬಿಟ್ಟು ಒಂದನ್ನು ಹಿಡಿಯುತ್ತದೆ. ಟ್ರ್ಯಾಕ್ ಬದಲಾದಾಗಲೆಲ್ಲ ಆರಂಭದ ಜಾಗವನ್ನು ಆರು ಸೆಕ್ಟರ್‌ನಷ್ಟು ಮುಂದೆ ತಳ್ಳುತ್ತದೆ. ಸೊನ್ನೆಯ ಟ್ರ್ಯಾಕನ್ನು ಮುಟ್ಟುವುದೇ ಇಲ್ಲ. ಈ ಲೆಕ್ಕದಂತೆ ಜೋಡಿಸಿದರೆ 512 ಬೈಟಿನ 494 ಬ್ಲಾಕ್‌ಗಳು ಸಿಗುತ್ತವೆ. ಎರಡೂ ಪ್ರತಿ (ಇಮೇಜ್) ಬೇಕು: ಹಳೆಯ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ಸಿಮ್ಯುಲೇಟರ್‌ಗೆ ಫ್ಲಾಪಿಯ ಕ್ರಮದಲ್ಲೇ ಇರುವುದು, ಫೈಲ್ ತೆಗೆಯುವ ಸಾಧನಕ್ಕೆ ಜೋಡಿಸಿದ್ದು. ಯಾವುದು ಯಾವುದೆಂದು ಫೈಲಿನ ಹೆಸರಿನಲ್ಲೇ ಬರೆದಿಡುತ್ತೇನೆ.

ಆರ್‌ಟಿ-11ರ ಡೈರೆಕ್ಟರಿ ನನಗೆ ಬಹಳ ಇಷ್ಟ. ಅದು ಆರನೆಯ ಬ್ಲಾಕಿನಲ್ಲಿ ಶುರುವಾಗುತ್ತದೆ. ಒಂದೊಂದು ಫೈಲಿಗೆ ಏಳು ಪದದ (ಪದವೆಂದರೆ ಇಲ್ಲಿ 16 ಬಿಟ್) ದಾಖಲೆ: ಸ್ಥಿತಿ, ಹೆಸರಿಗೆ ಮೂರು ಪದ, ಉದ್ದ, ಇನ್ನೊಂದು ಆಂತರಿಕ ಪದ, ದಿನಾಂಕ. ಹೆಸರನ್ನು 40 ಅಕ್ಷರಗಳ ಒಂದು ಸಣ್ಣ ವರ್ಣಮಾಲೆಯಲ್ಲಿ ಹಿಡಿಸಿದ್ದಾರೆ. 40ರ ಘನ 64,000, ಅದು 65,536ರೊಳಗೆ ಕೂರುತ್ತದೆ. ಹಾಗಾಗಿ 16 ಬಿಟ್‌ನಲ್ಲಿ ಮೂರು ಅಕ್ಷರ. ಬೈಟಿಗೆ ಬೆಲೆಯಿದ್ದ ಕಾಲದವರು ಎಷ್ಟು ಯೋಚಿಸಿ ಕಟ್ಟುತ್ತಿದ್ದರು ಎಂದು ಇದನ್ನು ಬಿಡಿಸಿ ಓದುವಾಗಲೆಲ್ಲ ಅನ್ನಿಸುತ್ತದೆ. ಫೈಲ್ ಅಳಿಸಿದಾಗ ಸ್ಥಿತಿಯ ಪದ ಮಾತ್ರ ಬದಲಾಗುತ್ತದೆ, ಒಳಗಿನ ಬರಹ ಅಲ್ಲೇ ಇರುತ್ತದೆ. ಪ್ರತಿ ಫೈಲೂ ಒಂದೇ ಅಖಂಡ ಜಾಗದಲ್ಲಿ ಇರುವುದರಿಂದ ಅಳಿಸಿದ್ದನ್ನು ಎತ್ತುವುದೂ ಸುಲಭ. ಹೀಗೆಯೇ ನನಗೆ ಆ ಪ್ರೋಗ್ರಾಂನ ಹಿಂದಿನ ಆವೃತ್ತಿಯ ಸೋರ್ಸ್ (ಮನುಷ್ಯರು ಬರೆದ ಮೂಲ ಬರಹ) ಕೂಡ ಸಿಕ್ಕಿತು.

ಫೈಲುಗಳು ಹೊರಬಂದವು, ಪ್ರೋಗ್ರಾಂ ಸಿಮ್ಯುಲೇಟರ್‌ನಲ್ಲಿ ಓಡಿತು. ಬಹಳ ಮಂದಿ ಇಲ್ಲಿಗೆ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ಕೆಲಸ ಶುರುವಾಗುವುದೇ ಇಲ್ಲಿಂದ. ಬೈನರಿ (ಯಂತ್ರ ನೇರವಾಗಿ ಓಡಿಸುವ ರೂಪ) ಓಡಿತು ಅಂದರೆ ಬೈನರಿ ಸಿಕ್ಕಿದೆ ಎಂದಷ್ಟೇ ಅರ್ಥ. ಪಕ್ಕದಲ್ಲಿರುವ ಸೋರ್ಸ್‌ನಿಂದಲೇ ಅದು ಹುಟ್ಟಿತೇ, ಬೈನರಿಯಾಗಿಸಿದ್ದು ಯಾವ ಕಂಪೈಲರ್, ಸಿದ್ಧ ಸಬ್‌ರೂಟೀನ್‌ಗಳ ಯಾವ ಲೈಬ್ರರಿ, ಯಾವ ಆಯ್ಕೆ, ಇದೊಂದೂ ಗೊತ್ತಿರುವುದಿಲ್ಲ. ಸೋರ್ಸನ್ನು ಆ ಕಾಲದ ಸಾಧನಗಳಿಂದಲೇ ಮತ್ತೆ ಕಟ್ಟಿ, ಬಂದ ಫೈಲನ್ನು ಹಳೆಯದರೊಂದಿಗೆ ಬೈಟ್ ಬೈಟ್ ಹೋಲಿಸಿ, ಎರಡೂ ಒಂದೇ ಆದಾಗ ಮಾತ್ರ ಪ್ರೋಗ್ರಾಂ ಉಳಿಯಿತು ಎನ್ನುತ್ತೇನೆ. ಆಗ ಮಾತ್ರ ಮುಂದಿನವರು ಅದನ್ನು ತಿದ್ದಿ ಬೆಳೆಸಲು ಸಾಧ್ಯ.

ಇದಕ್ಕೆ ನನ್ನ ಆಧಾರ ಸಿಮ್‌ಎಚ್, ಬಾಬ್ ಸಪ್ನಿಕ್ 1993ರಲ್ಲಿ ಶುರುಮಾಡಿದ ಸಿಮ್ಯುಲೇಟರ್. ಅದರಲ್ಲಿ ಆರ್‌ಟಿ-11 ಬೂಟ್ ಮಾಡಿ ಕಂಪೈಲ್, ಲಿಂಕ್ ಮಾಡಿದೆ. ಅಸೆಂಬ್ಲಿ ಭಾಗ ಹಾಗೆಯೇ ಹೊಂದಿತು, ಫೋರ್ಟ್ರಾನ್ ಭಾಗ ಹೊಂದಲಿಲ್ಲ. ಈ ಫೋರ್ಟ್ರಾನ್ ಕಂಪೈಲರ್ ಎರಡು ಬಗೆಯಲ್ಲಿ ಕೋಡ್ ಕೊಡುತ್ತದೆ. ಒಂದು ಥ್ರೆಡೆಡ್ ಕೋಡ್: ಅದು ಸಬ್‌ರೂಟೀನ್‌ಗಳ ವಿಳಾಸಗಳ ಪಟ್ಟಿ, ಯಾವ ಪಿಡಿಪಿ-11 ಮೇಲಾದರೂ ಓಡುತ್ತದೆ. ಇನ್ನೊಂದು ಯಂತ್ರದ ಗುಣಾಕಾರ, ಭಾಗಾಕಾರದ ಆದೇಶಗಳನ್ನು ನೇರವಾಗಿ ಬಳಸುವ ಕೋಡ್. ಹಳೆಯ ಬೈನರಿಯನ್ನು ಅಷ್ಟಮಾನದಲ್ಲಿ (ಎಂಟರ ಆಧಾರದ ಅಂಕಿಗಳಲ್ಲಿ) ಬಿಚ್ಚಿ ಓದುತ್ತ ಹೋದಾಗ 075000ರಿಂದ 075037ರೊಳಗಿನ ಆದೇಶಗಳು ಕಂಡವು. ಅಲ್ಲಿಗೆ ಗಂಟು ಬಿಚ್ಚಿತು. ಅವು ಎಫ್‌ಐಎಸ್ ಎಂಬ ಫ್ಲೋಟಿಂಗ್ ಪಾಯಿಂಟ್ (ದಶಾಂಶ ಸಂಖ್ಯೆಗಳ ಲೆಕ್ಕದ) ಆದೇಶಗಳು. 1975ರ ಎಲ್‌ಎಸ್‌ಐ-11 ಎಂಬ ಸಣ್ಣ ಪಿಡಿಪಿ-11ಕ್ಕೆ ಪ್ರತ್ಯೇಕ ಚಿಪ್ ಹಾಕಿದರೆ ಸಿಗುತ್ತಿದ್ದ ಸೌಲಭ್ಯ. ಆ ಆಯ್ಕೆ ಕೊಟ್ಟು ಕಂಪೈಲ್ ಮಾಡಿದಾಗ ವ್ಯತ್ಯಾಸಗಳ ದೊಡ್ಡ ಪಾಲು ಕರಗಿತು. ಉಳಿದದ್ದು ಲೈಬ್ರರಿಯ ಆವೃತ್ತಿಯದ್ದು. ಸರಿಯಾದ ಲೈಬ್ರರಿ ಅದೇ ಪೆಟ್ಟಿಗೆಯ ಇನ್ನೊಂದು ಫ್ಲಾಪಿಯಲ್ಲಿತ್ತು. ಅದನ್ನು ಹಾಕಿ ಲಿಂಕ್ ಮಾಡಿ ಹೋಲಿಸಿದಾಗ ಒಂದು ಬೈಟೂ ಬೇರೆ ಬರಲಿಲ್ಲ. ಈ ಹವ್ಯಾಸ ನನಗೆ ಕೊಟ್ಟ ಅತಿ ದೊಡ್ಡ ಸಂತೋಷ ಅದು.

ಈ ಪತ್ತೆದಾರಿಕೆಯ ಪ್ರಯೋಜನ ನಿಜವಾದ ಯಂತ್ರದ ಮೇಲೆ ಕಂಡಿತು. ನನ್ನ ಬಳಿ ಇರುವುದು ಪಿಡಿಪಿ-11/23. ಅದರಲ್ಲಿ ಎಫ್‌ಐಎಸ್ ಇಲ್ಲ. ಹಳೆಯ ಬೈನರಿ ಅಲ್ಲಿ ಮೊದಲ ಫ್ಲೋಟಿಂಗ್ ಲೆಕ್ಕಕ್ಕೇ ‘ಟ್ರ್ಯಾಪ್ ಟು 10’, ಅಂದರೆ ಯಂತ್ರಕ್ಕೆ ಗೊತ್ತಿಲ್ಲದ ಆದೇಶ ಬಂತು, ಎಂದು ನಿಲ್ಲುತ್ತದೆ. ಕಾರಣ ಗೊತ್ತಿಲ್ಲದಿದ್ದರೆ ಮೆಮೊರಿ ಬೋರ್ಡ್ ಕೆಟ್ಟಿದೆಯೆಂದೋ ಇಮೇಜ್ ಹಾಳಾಗಿದೆಯೆಂದೋ ಅಲೆಯಬೇಕಾಗುತ್ತಿತ್ತು. ಸೋರ್ಸ್ ಮತ್ತು ಕಟ್ಟುವ ಕ್ರಮ ಎರಡೂ ಕೈಯಲ್ಲಿದ್ದುದರಿಂದ ಥ್ರೆಡೆಡ್ ಕೋಡ್ ಆಯ್ಕೆಯಿಂದ ಮತ್ತೆ ಕಟ್ಟಿದೆ. ನಿಧಾನ, ಆದರೆ ಓಡುತ್ತದೆ. ಮುದ್ರಿಸುವ ಅಂಕಿಗಳು ಸಿಮ್ಯುಲೇಟರ್‌ನಲ್ಲಿ ಹಳೆಯ ಬೈನರಿ ಕೊಟ್ಟವೇ.

ಯಂತ್ರದೊಳಕ್ಕೆ ಇದನ್ನು ಸಾಗಿಸಲು ಸೀರಿಯಲ್ ತಂತಿಯೊಂದು ಸಾಕು. ಟಿಯು58 ಎಂಬ ಪುಟ್ಟ ಟೇಪ್ ಡ್ರೈವ್ ಸೀರಿಯಲ್ ಮೂಲಕವೇ ಮಾತಾಡುತ್ತಿತ್ತು. ಒಂದು ಕಾರ್ಟ್ರಿಡ್ಜ್‌ಗೆ 512 ಬ್ಲಾಕ್. ಇಂದಿನ ಕಂಪ್ಯೂಟರ್ ಆ ಡ್ರೈವ್‌ನಂತೆ ನಟಿಸಿದರೆ ಪಿಡಿಪಿ-11ಕ್ಕೆ ಭೇದ ತಿಳಿಯದು. ಬೂಟ್ ಮಾಡುವ ಆದೇಶಗಳಿರುವ ರೋಮ್ (ROM) ಚಿಪ್ ಇಲ್ಲದಿದ್ದರೆ ಕನ್ಸೋಲ್‌ನಲ್ಲಿ ಅಷ್ಟಮಾನದ ಅಂಕಿಗಳನ್ನು ಒಂದೊಂದಾಗಿ ಒತ್ತಿ ಬೂಟ್ ಮಾಡಬಹುದು.

ನಿರ್ವಹಣೆ ಎಂದರೆ ಕಾಲಕ್ಕೆ ತಕ್ಕ ತಿದ್ದುಪಡಿಯೂ ಹೌದು. ಹಳೆಯ ಆರ್‌ಟಿ-11 ವರ್ಷವನ್ನು 1972ರಿಂದ ಎಣಿಸಿ ಐದು ಬಿಟ್‌ನಲ್ಲಿ ಇಡುತ್ತದೆ, ಅಂದರೆ 2003ಕ್ಕೆ ಮುಗಿಯಿತು. ನಂತರದ ಆವೃತ್ತಿಗಳು ಇನ್ನೆರಡು ಬಿಟ್ ಸೇರಿಸಿ 2099ರವರೆಗೆ ಎಳೆದವು. ಹಳೆಯ ಆವೃತ್ತಿಯಲ್ಲೇ ಇರಬೇಕಾದಾಗ ನಾನು 28 ವರ್ಷ ಹಿಂದಿನ ದಿನಾಂಕ ಕೊಡುತ್ತೇನೆ; 2026ಕ್ಕೆ 1998. ವಾರ, ತಾರೀಖು, ಅಧಿಕ ವರ್ಷ ಎಲ್ಲ ಹೊಂದುತ್ತವೆ. ಮೂಲವನ್ನು ತಿದ್ದುವುದಕ್ಕಿಂತ ಇದು ಮೇಲು.

ತಿದ್ದಲೇಬೇಕಾದರೆ ತಿದ್ದುಪಡಿ ಬೇರೆ ಫೈಲ್, ಮೂಲ ಬೇರೆ ಫೈಲ್. 1991ರಲ್ಲಿ ಹೊರಬಂದ 2.11ಬಿಎಸ್‌ಡಿ ಪಿಡಿಪಿ-11ರ ಯುನಿಕ್ಸ್‌ಗಳಲ್ಲಿ ಇಂದಿಗೂ ಪ್ಯಾಚ್ (ತಿದ್ದುಪಡಿ) ಪಡೆಯುತ್ತಿರುವುದು. ಆದರೆ ಒಂದೂ ಪ್ಯಾಚ್ ಹಾಕದ ಅದರ ಮೊದಲ ರೂಪ ಕಳೆದುಹೋಗಿತ್ತು, ಪ್ಯಾಚ್‌ಗಳನ್ನು ಒಂದೊಂದಾಗಿ ಹಿಂದಕ್ಕೆ ಬಿಚ್ಚುತ್ತ ಅದನ್ನು ಮರಳಿ ಕಟ್ಟಬೇಕಾಯಿತು. ಹಾಗಾಗಿ ನನ್ನ ಪ್ರತಿ ಕಟ್ಟಿನಲ್ಲೂ ಇಷ್ಟಿರುತ್ತದೆ: ಕಚ್ಚಾ ದಾಖಲೆ, ಎರಡು ಬಗೆಯ ಇಮೇಜ್, ಹೊರತೆಗೆದ ಫೈಲುಗಳು, ಅವು ಬದಲಾಗಿಲ್ಲವೆಂದು ತಾಳೆ ನೋಡುವ ಚೆಕ್‌ಸಮ್, ಲೇಬಲ್‌ನ ಚಿತ್ರ, ಮತ್ತು ಸೋರ್ಸ್‌ನಿಂದ ಬೈನರಿವರೆಗೆ ಕೊಟ್ಟ ಆದೇಶಗಳ ಸಾಲು ಸಾಲು ಟಿಪ್ಪಣಿ. ಓದಲಾಗದ ಸೆಕ್ಟರ್‌ಗಳ ಪಟ್ಟಿಯೂ ಅದರಲ್ಲಿರುತ್ತದೆ. ಅವನ್ನು ಸೊನ್ನೆ ತುಂಬಿ ಮುಚ್ಚುವುದಿಲ್ಲ.

ಅಳಿಸಿದ ಫೈಲಿನಿಂದ ಸಿಕ್ಕ ಹಿಂದಿನ ಸೋರ್ಸನ್ನು ಈಗ ಕಟ್ಟುತ್ತಿದ್ದೇನೆ. ಅದರಲ್ಲಿ ಸೆನ್ಸರ್‌ನ ಅಳತೆಯನ್ನು ಸರಿಹೊಂದಿಸುವ ಸೂತ್ರ ಬೇರೆಯೇ ಇದೆ. ಅದಕ್ಕೆ ಬೇಕಾದ ಒಂದು ಸಬ್‌ರೂಟೀನ್ ಯಾವ ಫ್ಲಾಪಿಯಲ್ಲೂ ಇಲ್ಲ, ಫ್ಲಾಪಿಯಲ್ಲಿ ಸಿಕ್ಕ ನಂತರದ ಆವೃತ್ತಿಯ ಬೈನರಿಯನ್ನು ಬಿಚ್ಚಿಯೇ ಅದರ ರೂಪ ಕಂಡುಕೊಳ್ಳಬೇಕಿದೆ.