ತೆಂಗಿನ ತೋಟದಲ್ಲಿ ಕುರಿ ಕೋಳಿ ಎರಡೂ: ನಾನು ಸಾಕ್ತಿರೋ ರೀತಿ

ನಮ್ದು ಬನ್ನೂರು ಕಡೆ ಒಂದು ಎಕರೆ ತೆಂಗಿನ ತೋಟ. ಅದ್ರಲ್ಲಿ 6 ಬಂಡೂರು ಕುರಿ, ಒಂದು ಟಗರು, 30ರ ಹತ್ರ ಕೋಳಿ. ನಾನು ಹೈಸ್ಕೂಲ್ ಟೀಚರ್, ಹಗಲೊತ್ತು ಮನೇಲಿರಲ್ಲ, ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಎರಡು ಗಂಟೆ ನನ್ದು, ಮಧ್ಯಾಹ್ನ ನಮ್ಮತ್ತೆ ನೋಡ್ಕೋತಾರೆ. ದುಡ್ಡಿನ ಲೆಕ್ಕ ಹಾಕಿ ಶುರು ಮಾಡಿದ್ದಲ್ಲ, ಇಷ್ಟಕ್ಕೆ ಸಾಕ್ತಿರೋದು. ಕುರಿ ಕೋಳಿ ಎರಡನ್ನೂ ಒಂದೇ ಜಾಗದಲ್ಲಿ ಚೆನ್ನಾಗಿ ಸಾಕ್ಬೋದು, ಆದ್ರೆ ಎರಡಕ್ಕೂ ತಿನ್ನೋ ಜಾಗ ಬೇರೆ ಇರ್ಬೇಕು, ಈಚೆ ಬಿಡೋ ಹೊತ್ತೂ ಬೇರೆ ಇರ್ಬೇಕು. ನನ್ನ ಕೆಲಸವೆಲ್ಲ ಈ ಎರಡರ ಸುತ್ತಾನೇ.

ಬೆಳಿಗ್ಗೆ ಎದ್ದ ತಕ್ಷಣ ಕೋಳಿ ಗೂಡು ತೆಗೀತೀನಿ, ಕುರಿ ಕೊಟ್ಟಿಗೆ ತೆಗೆಯಲ್ಲ. "ಇಬ್ಬನಿ ಆರೋಗಂಟ ಕುರಿ ಬಿಡ್ಬ್ಯಾಡ ಕಣವ್ವ" ಅಂತ ನಮ್ಮತ್ತೆ ಮೊದಲ್ನೇ ದಿನಾನೇ ಹೇಳಿದ್ರು, ಡಾಕ್ಟ್ರು ಹೇಳಿದ್ದೂ ಅದನ್ನೇ. ಹುಲ್ಲು ಒದ್ದೆ ಇದ್ದಾಗ ಜಂತಿನ ಮರಿ ಆ ತೇವದಲ್ಲೇ ಎಲೆ ಮೇಲಕ್ಕೆ ಹತ್ತಿರುತ್ತೆ, ಕುರಿ ಮೇದ್ರೆ ಸೀದಾ ಹೊಟ್ಟೆಗೆ. ಅದಕ್ಕೆ ಬಿಸಿಲು ಬಂದು ಹುಲ್ಲು ಆರಿದ ಮೇಲೆ, ಅಷ್ಟೊತ್ತಿಗೆ ನಾನು ಸ್ಕೂಲಿಗೆ ಹೊರಟಿರ್ತೀನಿ, ನಮ್ಮತ್ತೆ ಬಿಡ್ತಾರೆ. ಅಲ್ಲೀವರ್ಗೂ ಕೊಟ್ಟಿಗೇಲೇ ಒಣ ಮೇವು, ಹುರುಳಿ ಹೊಟ್ಟು ಇಲ್ಲಾಂದ್ರೆ ಕಡಲೆಕಾಯಿ ಬಳ್ಳಿ. ಸಂಜೆ ಅಗಸೆ ಸೊಪ್ಪು, ಹಿಪ್ಪುನೇರಳೆ ಸೊಪ್ಪು ಕಟ್ಟಿ ನೇತಾಕ್ತೀನಿ. ಕೆಳಗೆ ಹಾಕಿದ್ರೆ ತುಳಿದು ಹಾಳು ಮಾಡ್ತವೆ, ತುಳಿದಿದ್ದನ್ನ ಆಮೇಲೆ ಮೂಸಿ ನೋಡಲ್ಲ. ಬೇಲಿ ಉದ್ದಕ್ಕೂ ಅಗಸೆ ನೆಟ್ಟಿರೋದ್ರಿಂದ ಬೇಸಿಗೇಲೂ ಹಸಿರಿಗೆ ತೀರಾ ತೊಂದ್ರೆ ಇಲ್ಲ.

ತಿನ್ನೋ ಜಾಗ ಬೇರೆ ಇರ್ಬೇಕು ಅಂದ್ನಲ್ಲ, ಅದು ಸಣ್ಣ ವಿಷಯ ಅಲ್ಲ. ಕೋಳಿ ಫೀಡು ಕುರಿಗೆ ಬಲು ಇಷ್ಟ. ಅದ್ರಲ್ಲಿ ಮುಸುಕಿನ ಜೋಳದ ನುಚ್ಚು ಜಾಸ್ತಿ, ಕುರಿ ಒಂದೇ ಸಲ ಹೊಟ್ಟೆ ತುಂಬ ತಿಂದ್ರೆ ಹೊಟ್ಟೇಲಿ ಹುಳಿ ಹೆಚ್ಚಾಗಿ ಮೆಲುಕು ನಿಂತೋಗುತ್ತೆ, ಜೀವಾನೂ ಹೋಗ್ಬೋದು. ಇನ್ನೊಂದು, ಕೋಳಿ ಫೀಡಿಗೆ ಸೇರಿಸೋ ತಾಮ್ರದ ಅಂಶ ಕೋಳಿಗೆ ಏನೂ ಮಾಡಲ್ಲ, ಕುರಿಗೆ ಮಾತ್ರ ಅದು ಲಿವರ್‌ನಲ್ಲಿ ಶೇಖರ ಆಗ್ತಾ ಹೋಗಿ ವಿಷ ಆಗುತ್ತೆ. ಹಂಗಾಗಿ ಕೋಳಿ ತಿನ್ನೋ ಜಾಗಕ್ಕೆ ಬಿದಿರು ದಬ್ಬೆ ಹೊಡ್ದು ಗೇಟ್ ಮಾಡಿದ್ದೀವಿ, ದಬ್ಬೆ ದಬ್ಬೆ ನಡುವೆ ನಾಲ್ಕು ಇಂಚು ಸಂದು. ಕೋಳಿ ನುಸುಳುತ್ತೆ, ಕುರಿಮರೀನೂ ತೂರೋಕಾಗಲ್ಲ. ಫೀಡ್ ಮೂಟೆ ಮಾತ್ರ ಮನೆ ಒಳಗೇನೇ, ಮುಚ್ಚಳ ಇರೋ ಡ್ರಮ್ಮಲ್ಲಿ.

ಹಂಗೇನೇ ಕೋಳಿ ರಾತ್ರಿ ಕೂರೋ ಗಳ ಕುರಿ ಗೋದಲಿ ಮೇಲೆ ಬರ್ಬಾರ್ದು, ಕೋಳಿ ಹಿಕ್ಕೆ ಮೇವಿಗೆ ಬಿದ್ರೆ ಕುರಿ ಮೇವು ಬಿಟ್ಬಿಡುತ್ತೆ, ಹೊಟ್ಟೇನೂ ಕೆಡುತ್ತೆ. ಕೋಳಿಗೆ ಬರೋ ರಕ್ತಭೇದಿ ಕುರಿಗೆ ಅಂಟುತ್ತೆ ಅಂತ ನಮ್ಮೂರಲ್ಲಿ ಹೇಳ್ತಾರೆ, ಅದು ಹಂಗಲ್ಲ, ಕೋಳೀದು ಕೋಳಿಗೆ, ಕುರೀದು ಕುರಿಗೆ ಅಷ್ಟೇ.

ಇನ್ನು ಒಂದಕ್ಕೊಂದು ಆಗೋ ಉಪಕಾರ. ಕುರಿ ಮೇದು ಹೋದ ಜಾಗಕ್ಕೆ ಕೋಳಿ ಹೋಗಿ ಹಿಕ್ಕೆ ಎಲ್ಲಾ ಕೆದಕಿ ಹರಡ್ತವೆ, ನೊಣದ ಹುಳ ಆರ್ಸಿ ತಿಂತವೆ, ಹಿಕ್ಕೆ ಬಿಸಿಲಿಗೆ ಬೇಗ ಒಣಗುತ್ತೆ. ಮಧ್ಯಾಹ್ನ ಕುರಿ ನೆರಳಲ್ಲಿ ಮಲಗಿದ್ರೆ ಕೋಳಿ ಮೈ ಮೇಲೇ ಹತ್ತಿ ಉಣುಗು ಕಿತ್ತು ತಿನ್ನುತ್ತೆ, ಕುರಿ ಕಣ್ಮುಚ್ಕೊಂಡು ಸುಮ್ನೆ ಇರುತ್ತೆ, ಅದನ್ನ ನೋಡೋಕೆ ನಂಗೆ ಎಷ್ಟು ಸಲ ಆದ್ರೂ ಬೇಜಾರಾಗಲ್ಲ. ಕೊಟ್ಟಿಗೆ ಗೊಬ್ಬರ ಪೂರ್ತಿ ತೆಂಗಿನ ಬುಡಕ್ಕೆ.

ಕುರಿ ಜಂತಿನ ವಿಷಯ ಸ್ವಲ್ಪ ಜಾಸ್ತಿನೇ ಹೇಳ್ಬೇಕು. ರಕ್ತ ಹೀರೋ ಜಂತು ಇದ್ರೆ ಕುರಿ ಮೇಯ್ತಾನೇ ಇರುತ್ತೆ, ನೋಡೋಕೆ ಚೆನ್ನಾಗೇ ಇರುತ್ತೆ, ಒಂದಿನ ಬಿದ್ಹೋಗುತ್ತೆ. ಅದಕ್ಕೆ ಪ್ರತಿ ಭಾನುವಾರ ಒಂದೊಂದನ್ನೇ ಹಿಡ್ಕೊಂಡು ಕೆಳಗಿನ ರೆಪ್ಪೆ ಎಳೆದು ನೋಡ್ತೀನಿ, ಒಳಗೆ ಕೆಂಪಗಿದ್ರೆ ಪರವಾಗಿಲ್ಲ, ಬಿಳಿಚ್ಕೊಂಡಿದ್ರೆ ಔಷಧಿ ಕೊಡ್ಬೇಕು. ಗದ್ದದ ಕೆಳಗೆ ನೀರು ತುಂಬಿ ಊದಿದ್ರೆ ತಡ ಆಗಿದೆ ಅಂತಲೇ ಅರ್ಥ. ಎಲ್ಲಕ್ಕೂ ತಿಂಗಳು ತಿಂಗಳು ಅದೇ ಔಷಧಿ ಕುಡಿಸ್ತಾ ಹೋದ್ರೆ ಜಂತು ಅದಕ್ಕೆ ಒಗ್ಗಿಬಿಡುತ್ತೆ, ಬೇಕಾದ್ದಕ್ಕೆ ಮಾತ್ರ, ತೂಕ ನೋಡಿ, ಡಾಕ್ಟ್ರನ್ನ ಕೇಳಿ ಕೊಡ್ಬೇಕು. ಕರುಳು ಬೇನೆ ಲಸಿಕೆ ಮಳೆಗಾಲಕ್ಕೆ ಮುಂಚೆ ಹಾಕ್ಸ್ತೀವಿ, ಪಿಪಿಆರ್ ಅಂತ ಕುರಿ ಮೇಕೆಗೆ ಬರೋ ಅಂಟುರೋಗದ ಲಸಿಕೆ ಒಂದ್ಸಲ ಹಾಕ್ಸಿದ್ರೆ ಮೂರು ವರ್ಷ ಕಾಯುತ್ತೆ.

ಕೋಳೀಲಿ ನಾಟಿನೂ ಇದೆ ಸ್ವರ್ಣಧಾರನೂ ಇದೆ. ಸ್ವರ್ಣಧಾರ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಮಾಡಿರೋ ತಳಿ, ನಾಟಿಗಿಂತ ತುಂಬಾ ಜಾಸ್ತಿ ಮೊಟ್ಟೆ ಇಡುತ್ತೆ, ಆದ್ರೆ ನಮ್ಮಲ್ಲಿ ಅದು ಕಾವಿಗೆ ಕೂತಿದ್ದು ನಾನು ನೋಡಿಲ್ಲ. ಕಾವಿಗೆ ನಾಟಿ ಕೋಳೀನೇ. ಬುಟ್ಟಿಗೆ ಬೂದಿ, ಹುಲ್ಲು ಹಾಕಿ 10-12 ಮೊಟ್ಟೆ ಇಡ್ತಾರೆ ನಮ್ಮತ್ತೆ, ಒಂದು ವಾರ ಆದ ಮೇಲೆ ರಾತ್ರಿ ಹೊತ್ತು ಟಾರ್ಚ್ ಹಿಡ್ದು ನೋಡ್ತೀನಿ, ಒಳಗೆ ರಕ್ತನಾಳ ಜೇಡರ ಬಲೆ ತರ ಕಂಡ್ರೆ ಮರಿ ಇದೆ, ಬರೀ ತಿಳಿಯಾಗಿದ್ರೆ ತೆಗೆದುಬಿಡ್ತೀನಿ, 21ನೇ ದಿನಕ್ಕೆ ಮರಿ. ಕೊಕ್ಕರೆ ರೋಗದ (ರಾಣಿಖೇತ್ ಅಂತಾರಲ್ಲ, ಅದು) ಲಸಿಕೆ ಮೊದಲ ವಾರದಲ್ಲೇ ಕಣ್ಣಿಗೆ ಒಂದು ಹನಿ, ನಾಲ್ಕು ವಾರಕ್ಕೆ ಇನ್ನೊಂದ್ಸಲ. ಕಷ್ಟ ಏನಂದ್ರೆ ಬಾಟ್ಲಿ ಬರೋದು ನೂರು ಮರಿಗೆ ಆಗೋಷ್ಟು, ಕಲಸಿದ ಮೇಲೆ ಒಂದೆರಡು ಗಂಟೇಲಿ ಮುಗಿಸ್ಬೇಕು, ನಮ್ಮತ್ರ ಇರೋದು ಹತ್ತು ಮರಿ. ಹಂಗಾಗಿ ಬೀದಿಯವರೆಲ್ಲ ಒಂದೇ ಸಮಯಕ್ಕೆ ಕಾವಿಗೆ ಕೂರ್ಸ್ತೀವಿ, ಒಬ್ರು ಥರ್ಮಕೋಲ್ ಡಬ್ಬೀಲಿ ಐಸ್ ಹಾಕಿ ತರ್ತಾರೆ, ಮನೆ ಮನೆಗೂ ಓಡಾಡಿ ಒಟ್ಟಿಗೆ ಹಾಕಿ ಮುಗಿಸ್ತೀವಿ. ಇದೊಂದು ಮಾಡಿದ್ರೆ ಬೇಸಿಗೇಲಿ ಇಡೀ ಊರಿನ ಕೋಳಿ ಒಟ್ಟಿಗೆ ಸಾಯೋದು ತಪ್ಪುತ್ತೆ, ದಯವಿಟ್ಟು ಮಾಡಿ.

ಕುರಿ ತಗೊಳೋವಾಗ ತುಂಬಾ ಹುಷಾರಾಗಿರ್ಬೇಕು. ಬಂಡೂರು ಅಂತ ಹೇಳಿ ಬೆರಕೆ ಮಾರ್ತಾರೆ. ಬಂಡೂರು ಅಂದ್ರೆ ಮಳವಳ್ಳಿ ತಾಲ್ಲೂಕಿನ ಬಂಡೂರು ಊರಿನ ಹೆಸ್ರಲ್ಲಿರೋ ತಳಿ, ಗಿಡ್ಡ ಕಾಲು, ಮೈ ಬಿಳಿ, ಹಿಂದಿನಿಂದ ನೋಡಿದ್ರೆ ತೊಡೆ ಎರಡೂ ತುಂಬ್ಕೊಂಡು ಲಾಳದ ಆಕಾರ ಕಾಣುತ್ತೆ, ಸಾಮಾನ್ಯವಾಗಿ ಕೊಂಬಿರಲ್ಲ, ಎಷ್ಟೋ ಕುರಿಗೆ ಗಂಟಲತ್ರ ಎರಡು ಮಣಿ ಇರುತ್ತೆ. ಅದೇ ತಾಲ್ಲೂಕಿನ ಧನಗೂರಲ್ಲಿ ಈ ತಳಿಗೇ ಅಂತ ಸರ್ಕಾರಿ ಕುರಿ ಫಾರಂ ಇದೆ, ಒಂದ್ಸಲ ಹೋಗಿ ಕಣ್ತುಂಬ ನೋಡ್ಕೊಂಡು ಬಂದ್ರೆ ಆಮೇಲೆ ಸಂತೇಲಿ ಯಾರೂ ಟೋಪಿ ಹಾಕಕ್ಕಾಗಲ್ಲ. ಬಾಯಿ ಬಿಡ್ಸಿ ಹಲ್ಲೂ ನೋಡಿ, ಎರಡು ಹಲ್ಲು ಬಿದ್ದು ದೊಡ್ಡ ಹಲ್ಲು ಬಂದಿದ್ರೆ ವರ್ಷ ದಾಟಿದೆ.

ಮಾರೋದು ಹೊಸತೊಡಕಿಗೆ ಮತ್ತೆ ಬಕ್ರೀದ್‌ಗೆ, ಗಂಡುಮರಿ ಮಾತ್ರ. ಕಣ್ಣಂದಾಜಲ್ಲಿ ಕೊಡಲ್ಲ, ತೂಗು ತಕ್ಕಡಿ ಇಟ್ಟಿದ್ದೀನಿ, ಜೀವದ ತೂಕಕ್ಕೇ ವ್ಯಾಪಾರ. ಟಗರನ್ನ ಎರಡು ವರ್ಷಕ್ಕಿಂತ ಜಾಸ್ತಿ ಇಟ್ಕೊಳಲ್ಲ, ಅದರ ಮರಿಗಳೇ ದೊಡ್ಡವಾಗಿ ಅದಕ್ಕೇ ಗಬ್ಬ ಆದ್ರೆ ತಳಿ ಬಡವಾಗುತ್ತೆ. ಈ ವರ್ಷ ನಮ್ದನ್ನ ಪಕ್ಕದೂರಿನವರಿಗೆ ಕೊಟ್ಟು ಅವರ ಟಗರು ನಾವು ತಗೋತಾ ಇದ್ದೀವಿ, ಹಣದ ಮಾತಿಲ್ಲ, ಹಬ್ಬ ಮುಗಿದ ಮೇಲೆ ಕರ್ಕೊಂಡು ಬರೋದು.