ಉಯ್ಯಾಲೆ, ನಾಲ್ಕು ಕೆಜಿ ಬೆಲ್ಲ ಮತ್ತು ನನ್ನ ಟಿಕಾಸ್ ಅಭ್ಯಾಸ

"ಮನೇಲಿ ಆಟದ ಜಾಯ್‌ಸ್ಟಿಕ್ ಹಿಡ್ಕೊಂಡು ಆರ್‌ಎ ಕಲಿಯೋಕಾಗುತ್ತೇನ್ರೀ? ಇರೋ ಅಭ್ಯಾಸಾನೂ ಕೆಡುತ್ತೆ" ಅಂದಿದ್ದರು ನಮ್ಮ ಹಿರಿಯ ಕ್ಯಾಪ್ಟನ್ ಒಬ್ಬರು. ಇನ್ನಿಬ್ಬರು ನಕ್ಕು ಸುಮ್ಮನಾದರು. ನಾನು ಪೈಲಟ್. ಇನ್ನೊಂದು ವಿಮಾನ ಡಿಕ್ಕಿಯಾಗೋ ಹಾಗೆ ಹತ್ತಿರ ಬಂದರೆ ಕೂಗಿ ಎಚ್ಚರಿಸೋ ಯಂತ್ರ ಟಿಕಾಸ್. ಏರು, ಇಳಿ ಅಂತ ಅದು ಕೊಡೋ ಆದೇಶವೇ ಆರ್‌ಎ. ಹೋದ ಸಿಮ್ ಚೆಕ್‌ನಲ್ಲಿ, ಅಂದರೆ ಸಿಮ್ಯುಲೇಟರ್ ಪರೀಕ್ಷೆಯಲ್ಲಿ, ನನಗೆ ನಾಲ್ಕು ಆರ್‌ಎ ಕೊಟ್ಟರು. ನಾಲ್ಕರಲ್ಲೂ ಏರಿಳಿಯೋ ವೇಗ ತೋರಿಸೋ ಮುಳ್ಳು, ಟಿಕಾಸ್ ಕೇಳಿದ ಹಸಿರು ಪಟ್ಟಿಯಲ್ಲೇ ನಿಂತಿತು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಶುರುವಾಗಿದ್ದು ಎರಡು ವರ್ಷದ ಹಿಂದೆ, ಒಂದು ಅವಮಾನದಿಂದ. ಎ320 ಸಿಮ್, 37 ಸಾವಿರ ಅಡಿ. "ಟ್ರಾಫಿಕ್, ಟ್ರಾಫಿಕ್" ಅಂತು ಟಿಕಾಸ್. "ಟಿಕಾಸ್, ಐ ಹ್ಯಾವ್ ಕಂಟ್ರೋಲ್" ಅಂದೆ. ಅಲ್ಲಿಗೆ ಸರಿಯಾಗಿತ್ತು. "ಕ್ಲೈಂಬ್, ಕ್ಲೈಂಬ್" ಬಂದಿದ್ದೇ ತಡ, ಬಾವಿಯಿಂದ ಕೊಡ ಎಳೆದ ಹಾಗೆ ಸ್ಟಿಕ್ ಎಳೆದುಬಿಟ್ಟೆ. ಹಸಿರು ಕೇಳಿದ್ದು ನಿಮಿಷಕ್ಕೆ 1500 ಅಡಿ. ನಾನು 4000 ದಾಟಿಸಿದ್ದೆ. ಮೂಗು ಎಲ್ಲಿಡಬೇಕು ಅಂತ ಪರದೆ ಮೇಲೆ ತೋರಿಸೋ ಫ್ಲೈಟ್ ಡೈರೆಕ್ಟರ್ ಆಫ್ ಮಾಡಿಸೋದನ್ನೂ ಮರೆತಿದ್ದೆ. ಸ್ಪೀಡು ಕರಗಿತು. ಸುಮಾರು 1300 ಅಡಿ ಮೇಲೆ ಹೋಗಿ, ಅಲ್ಲಿದ್ದ ಇನ್ನೊಂದು ವಿಮಾನಕ್ಕೆ ಹತ್ತಿರವಾದೆ. "ಒಂದು ಡಿಕ್ಕಿ ತಪ್ಪಿಸೋಕೆ ಹೋಗಿ ಇನ್ನೊಂದಕ್ಕೆ ದಾರಿ ಮಾಡ್ಕೊಟ್ರಿ" ಅಂದರು ಇನ್‌ಸ್ಟ್ರಕ್ಟರ್.

ಲೆಕ್ಕ ನನಗೂ ಗೊತ್ತಿತ್ತು. ಮ್ಯಾಕ್ 0.78ರಲ್ಲಿ, ಅಂದರೆ ಶಬ್ದದ ವೇಗದ ನೂರಕ್ಕೆ 78 ಭಾಗದಲ್ಲಿ, ವಿಮಾನದ ಮೂಗು ಒಂದು ಡಿಗ್ರಿ ಎತ್ತಿದರೆ ನಿಮಿಷಕ್ಕೆ 780 ಅಡಿ. ಎರಡು ಡಿಗ್ರಿ ಸಾಕಿತ್ತು. ಗೊತ್ತಿದ್ದದ್ದು ತಲೆಗೆ, ಕೈಗಲ್ಲ.

ಸಿಮ್ ಬಾಡಿಗೆ ವಿಚಾರಿಸಿದೆ. ಗಂಟೆಗೆ ಮೂವತ್ತು ಸಾವಿರದ ಹತ್ತಿರ ಹೇಳಿದರು. ಒಂದು ಗಂಟೆಯಲ್ಲಿ ಹತ್ತು ಆರ್‌ಎ ಆದರೂ ಒಂದಕ್ಕೆ ಮೂರು ಸಾವಿರ! ಅದೂ ಈಗ ಬರುತ್ತೆ ಅಂತ ಗೊತ್ತಿದ್ದೇ ಮಾಡೋದು. ಬೇಡ ಅಂದುಕೊಂಡು ರಜೆಗೆ ಮಂಡ್ಯಕ್ಕೆ ಬಂದೆ. ಮಹಡಿ ಮೇಲಿನ ಕೋಣೆ ಖಾಲಿಯಿತ್ತು.

ಮೊದಲು ತಂದದ್ದು 1800 ರೂಪಾಯಿಯ ಹಳೇ ಜಾಯ್‌ಸ್ಟಿಕ್. ನಡುವಿನಲ್ಲಿ ಬಿಟ್ಟರೂ ತಾನೇ ಒಂದು ಕಡೆ ವಾಲುತ್ತಿತ್ತು. ದುಡ್ಡು ನೀರಿಗೆ. ಎರಡನೆಯದು ಹೊಸದು, ಎಂಟೂವರೆ ಸಾವಿರ. ಆದರೆ ಮುಟ್ಟಿದರೆ ಸಾಕು ಓಡುತ್ತೆ, ನಮ್ಮ ವಿಮಾನದ ಸೈಡ್‌ಸ್ಟಿಕ್‌ನ ಬಿಗಿ ಎಲ್ಲಿ, ಇದೆಲ್ಲಿ. ಬಿಚ್ಚಿ ಗ್ಯಾಸ್ ಲೈಟರಿನ ಸ್ಪ್ರಿಂಗ್ ಹಾಕಿದೆ, ಜಾಸ್ತಿ ಬಿಗಿಯಾಯಿತು. ಪೇಟೆಬೀದಿಯ ಅಂಗಡಿಗಳಲ್ಲಿ ಐದಾರು ತರದ ಸ್ಪ್ರಿಂಗ್ ತಂದು ಒಂದೊಂದೇ ಹಾಕಿ ನೋಡಿದೆ. ಕೊನೆಗೆ ಒಂದು ಸರಿಹೋಯಿತು. ಎಷ್ಟು ಸುತ್ತಿನದು, ಎಲ್ಲಿ ಕತ್ತರಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಾನೆ. ಅವನು ಪರದೆ ಮೇಲೆ ಕೆಂಪು-ಹಸಿರು ಪಟ್ಟಿ, ಒಂದು ಮುಳ್ಳು, ಮೂಗಿನ ಕೋನಕ್ಕೆ ಒಂದು ಪಿಚ್ ಗೆರೆ ಬರೆದುಕೊಟ್ಟ. ವಿಮಾನದ ಚಿತ್ರ, ಮೋಡ ಏನೂ ಬೇಡ ಅಂದೆ. ಮೊದಲ ವಾರ ನಲವತ್ತು ಸಲ ಮಾಡಿದ್ದರಲ್ಲಿ ಮೂವತ್ತು ಸಲ ಹಸಿರು ದಾಟಿ ಹೋದೆ. ಎರಡನೇ ವಾರ ಎಲ್ಲಾ ಸರಿ. ಖುಷಿಪಟ್ಟೆ. ಆಮೇಲೆ ಗೊತ್ತಾಯಿತು, ಹುಡುಗ ಪ್ರತಿ ಸಲವೂ ಟಿಎ, ಅಂದರೆ "ಟ್ರಾಫಿಕ್" ಅನ್ನೋ ಮೊದಲ ಎಚ್ಚರಿಕೆ, ಆದ ಹದಿನೈದು ಸೆಕೆಂಡಿಗೆ ಆರ್‌ಎ ಕೊಡುತ್ತಿದ್ದ. ನಾನು ಮನಸ್ಸಲ್ಲೇ ಎಣಿಸುತ್ತಿದ್ದೆ! ಬದಲಾಯಿಸಿದೆವು. ಐದು ಟಿಎಯಲ್ಲಿ ನಾಲ್ಕಕ್ಕೆ ಆರ್‌ಎ ಬರೋದೇ ಇಲ್ಲ. ಬಂದರೂ ಯಾವಾಗ ಅಂತ ಕಂಪ್ಯೂಟರಿಗೇ ಗೊತ್ತು. ಮತ್ತೆ ಮುಗ್ಗರಿಸಿದೆ. ಅಸಲಿ ಕಲಿಕೆ ಶುರುವಾಗಿದ್ದೇ ಅಲ್ಲಿಂದ.

ಆದರೂ ಕೈ ಜೋರಾಗೇ ಇತ್ತು. ಎಷ್ಟು ಎಳೀಬೇಕು ಅನ್ನೋದಕ್ಕೆ ಪುಸ್ತಕದಲ್ಲಿ ಕಾಲು ಜಿ, ಅಂದರೆ ತೂಕ ಕಾಲು ಭಾಗ ಹೆಚ್ಚಾದ ಹಾಗೆ, ಅಂತ ಬರೆದಿರುತ್ತೆ. ಕಾಲು ಜಿ ಅಂದರೆ ಮೈಗೆ ಹೇಗಿರುತ್ತೆ? ಮೈಸೂರಿನ ಒಂದು ಮಾಲ್‌ನ ಲಿಫ್ಟಲ್ಲಿ ಕೊಕ್ಕೆ ತಕ್ಕಡಿಗೆ ಬೆಲ್ಲ ನೇತುಹಾಕಿ ನೋಡಿದೆ. ಮುಳ್ಳು ಸ್ವಲ್ಪ ಅಲ್ಲಾಡಿತು, ಅಷ್ಟೇ. ಮನೆಗೆ ಬಂದರೆ ಹಜಾರದಲ್ಲಿ ಉಯ್ಯಾಲೆ! ಏಳಡಿ ಸರಪಳಿ. ಮೂರೂವರೆ ಅಡಿ ಹಿಂದಕ್ಕೆ ಎಳೆದು ಬಿಟ್ಟರೆ ಮೂವತ್ತು ಡಿಗ್ರಿ. ನಡುವೆ ಬಂದಾಗ ಹೆಚ್ಚುಕಮ್ಮಿ ಒಂದೂಕಾಲು ಜಿ. ನಾಲ್ಕು ಕೆಜಿ ಬೆಲ್ಲದ ಚೀಲ ತಕ್ಕಡಿಗೆ ಸಿಕ್ಕಿಸಿ, ಮಣೆ ಮೇಲೆ ಕೂತು ಬಿಡಿಸಿಕೊಂಡೆ. ಕೆಳಗೆ ಬರುತ್ತಲೇ ಮುಳ್ಳು ಐದಕ್ಕೆ ಬಂತು. ಅವ್ವ ಅಡುಗೆಮನೆಯಿಂದ ಬಂದು ನೋಡಿದರು. "ಅದ್ಯಾಕ್ಲಾ ಮಗ, ಬೆಲ್ಲ ತೂಗೋಕೆ ಉಯ್ಯಾಲೆ ಬೇಕಾ?"

ಅವತ್ತು ಕೂತಲ್ಲೇ ಅರ್ಥವಾಯಿತು. ಮಣೆ ಸುಮ್ನೆ ಒಂಚೂರು ಮೇಲಕ್ಕೆ ಒತ್ತುತ್ತೆ. ಕಾಫಿ ಲೋಟ ಕೈಯಲ್ಲಿದ್ದರೂ ಚೆಲ್ಲಲ್ಲ. ನಾನು ಸಿಮ್‌ನಲ್ಲಿ ಎಳೆದದ್ದಕ್ಕೆ ಕ್ಯಾಬಿನ್‌ನಲ್ಲಿ ನಿಂತಿದ್ದವರ ಮಂಡಿ ಮಡಿಚುತ್ತಿತ್ತು. ದಿನಾ ಹತ್ತು ಸಲ ತೂಗಿ, ಮಹಡಿ ಹತ್ತಿ ಸ್ಟಿಕ್ ಹಿಡಿಯೋದು ರೂಢಿಯಾಯಿತು.

ಮಧ್ಯೆ ಒಂದು ಹುಚ್ಚು ಪ್ರಯೋಗವೂ ಆಯಿತು. ಕೂಗು ಕನ್ನಡದಲ್ಲಿ ಇದ್ದರೆ ಕೈ ಬೇಗ ಹೋಗುತ್ತಾ ಅಂತ. ಏರೋದು ಇಳಿಯೋದು ನಿಲ್ಲಿಸು ಅನ್ನೋ "ಲೆವೆಲ್ ಆಫ್" ಬದಲು ಹುಡುಗ ಕಂಡಕ್ಟರ್ ದನಿಯಲ್ಲಿ "ಹೋಲ್ಡಾನ್!" ಅಂತ ರೆಕಾರ್ಡ್ ಮಾಡಿದ. ಕೈ ಬೇಗವೇ ಹೋಯಿತು, ಆದರೆ ನಗು ತಡೆಯೋಕಾಗಲಿಲ್ಲ. ಅಲ್ಲಿಗೇ ಬಿಟ್ಟೆವು. ಹಾಗಂತ ಮಾತು ಮುಖ್ಯವಲ್ಲ ಅಂತಲ್ಲ. ಮೊದಲು ಟಿಕಾಸ್‌ನಲ್ಲಿ "ಲೆವೆಲ್ ಆಫ್" ಜಾಗದಲ್ಲಿ "ಅಡ್ಜಸ್ಟ್ ವರ್ಟಿಕಲ್ ಸ್ಪೀಡ್" ಅಂತಿತ್ತು. ಕೆಲವರು ಉಲ್ಟಾ ದಿಕ್ಕಿಗೆ ಹೋದರು, ಅದಕ್ಕೇ ಟಿಕಾಸ್‌ನ 7.1ನೇ ಆವೃತ್ತಿಯಲ್ಲಿ ತೆಗೆದರು.

ಕಷ್ಟ ಕೊಟ್ಟದ್ದು ಎರಡು. ಒಂದು, "ಕ್ಲೈಂಬ್" ಅಂದು ಆಮೇಲೆ "ಡಿಸೆಂಡ್, ಡಿಸೆಂಡ್ ನೌ" ಅನ್ನೋದು. ಮೊದಲ ಕೂಗಿಗೆ ಕೈ ಹೋಗೋಕೆ ಐದು ಸೆಕೆಂಡಿರುತ್ತೆ, ಇಲ್ಲಿ ಎರಡೂವರೆಯೇ. ಎರಡು, ನೆಲದಿಂದ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್ ದನಿ. ಟಿಕಾಸ್ "ಕ್ಲೈಂಬ್" ಅಂದ ಕೂಡಲೇ ಹುಡುಗ ಹಿಂದಿನಿಂದ "ಡಿಸೆಂಡ್ ಇಮ್ಮೀಡಿಯೆಟ್ಲಿ!" ಅಂತ ಕಿರುಚುತ್ತಿದ್ದ. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗನ್ ಮೇಲೆ ಟುಪೊಲೆವ್ ವಿಮಾನದವರು ಟಿಕಾಸ್ ಏರು ಅಂದರೂ ಕಂಟ್ರೋಲರ್ ಮಾತು ಕೇಳಿ ಇಳಿದರು, ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ 71 ಜನ ಹೋದರು ಅಂತ ನೂರು ಸಲ ಓದಿದ್ದೇನೆ. ಆದರೂ ನನ್ನ ಕೈ ಹುಡುಗನ ಕೂಗಿಗೆ ಮೂರು ಸಲ ಮುಂದಕ್ಕೆ, ಅಂದರೆ ಇಳಿಯೋ ಕಡೆಗೆ, ಹೋಯಿತು! ಮನುಷ್ಯನ ದನಿಗೆ ಅಷ್ಟು ಎಳೆತವಿದೆ. ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದೇನೆ, ಎಡಗೈ ಹೆಬ್ಬೆರಳಿಗೆ ಸಂಬಂಧಪಟ್ಟದ್ದು. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಮೂರು ತಿಂಗಳ ರಜಾದಿನಗಳು, ಒಟ್ಟು ಆರೇಳುನೂರು ಸಲ. ಖರ್ಚು ಹದಿನಾಲ್ಕು ಸಾವಿರ ಇರಬಹುದು, ಹುಡುಗನ ಬಿರಿಯಾನಿ ಸೇರಿ.

ಕಳೆದ ಚಳಿಗಾಲದಲ್ಲಿ ನಿಜವಾದದ್ದೂ ಬಂತು. 20 ಸಾವಿರ ಅಡಿಗೆ ಇಳಿಯುತ್ತಿದ್ದೆವು, 21 ಸಾವಿರದಲ್ಲಿ ಇಳಿಯೋ ವೇಗ ನಿಮಿಷಕ್ಕೆ 2000 ಅಡಿ ಇತ್ತು. ಕೊನೆಯ ಸಾವಿರ ಅಡಿಗೆ 1500ರ ಒಳಗೆ ತರಬೇಕಿತ್ತು, ತಂದಿರಲಿಲ್ಲ. ಅದು ನನ್ನದೇ ತಪ್ಪು. ಕೆಳಗಿಂದ ಒಬ್ಬ 19 ಸಾವಿರಕ್ಕೆ ಅಂತ ರಭಸದಿಂದ ಏರುತ್ತಿದ್ದ. "ಲೆವೆಲ್ ಆಫ್, ಲೆವೆಲ್ ಆಫ್." ಆಟೊಪೈಲಟ್ ಆಫ್, ಡೈರೆಕ್ಟರ್ ಎರಡೂ ಆಫ್, ಕೈ ಉಯ್ಯಾಲೆಯಷ್ಟೇ ಎಳೆಯಿತು. ಮುಳ್ಳು ಸೊನ್ನೆಗೆ ಬರುವಷ್ಟರಲ್ಲಿ ಕಳೆದುಕೊಂಡದ್ದು ಸುಮಾರು 150 ಅಡಿ. ಆರ್‌ಎ ಅಂತ ಕಂಟ್ರೋಲರಿಗೆ ಹೇಳಿದ್ದಾಯಿತು, ಅಪಾಯ ಮುಗೀತು ಅನ್ನೋ "ಕ್ಲಿಯರ್ ಆಫ್ ಕಾನ್ಫ್ಲಿಕ್ಟ್" ಬಂತು, ಇಳಿದ ಮೇಲೆ ವರದಿ ಬರೆದೆವು. ಹಿಂದೆ ಟೀ ಹಂಚುತ್ತಿದ್ದ ಹುಡುಗಿಗೆ ಏನಾಯಿತು ಅಂತಲೇ ಗೊತ್ತಿರಲಿಲ್ಲ.

ಆಟದ ಜಾಯ್‌ಸ್ಟಿಕ್ ಅಂದಿದ್ದ ಕ್ಯಾಪ್ಟನ್ ಮೊನ್ನೆ ಫೋನ್ ಮಾಡಿದ್ದರು. ಅಂಗಡಿ ಯಾವುದು ಅಂತ ಕೇಳಿದರು. ಹೇಳಿದೆ. ಸ್ಪ್ರಿಂಗ್ ಅಳತೆ ಕೇಳಿದರು. "ಸಾರ್, ಮೊದಲು ಒಂದು ಉಯ್ಯಾಲೆ ಹಾಕಿಸಿ" ಅಂದೆ.